ಸಾಲವನ್ನು ಬರೆದಿಟ್ಟವರು

ನಮ್ಮ ಅಕೌಂಟೆನ್ಸಿ ಪುಸ್ತಕದ ಮೊದಲ ಪಾಠದಲ್ಲೇ ಒಬ್ಬ ಕ್ರೈಸ್ತ ಸನ್ಯಾಸಿ ಬಂದು ಹೋಗುತ್ತಾನೆ. ಹೆಸರು ಲೂಕಾ ಪಾಚೊಲಿ. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಅವನ ಗಣಿತ ಗ್ರಂಥದ ಒಂದು ಭಾಗದಲ್ಲಿ ಡಬಲ್ ಎಂಟ್ರಿ ಪದ್ಧತಿಯ ವಿವರಣೆ ಇದೆ. ಎರಡು ಮಾರ್ಕಿನ ಪ್ರಶ್ನೆಗೆ ಇಷ್ಟು ಸಾಕು ಅಂತ ಕಾಮರ್ಸಿನವರೆಲ್ಲ ಇದನ್ನು ಬಾಯಿಪಾಠ ಮಾಡಿದ್ದೇವೆ. ಆದರೆ ವೆನಿಸ್ಸಿನ ವ್ಯಾಪಾರಿ ತನ್ನ ಜಮಾ-ಖರ್ಚನ್ನು ಯಾವ ಅಂಕಿಗಳಲ್ಲಿ ಬರೆದ? ಆ ಅಂಕಿ ಯಾವ ದಾರಿಯಿಂದ ಅವನ ಕೈಗೆ ಬಂತು? ಇದು ಪಾಠದಲ್ಲಿಲ್ಲ. ಪರೀಕ್ಷೆಗೂ ಬರುವುದಿಲ್ಲ. ಪರೀಕ್ಷೆಗೆ ಬಾರದ್ದನ್ನು ನಾವು ಕೇಳುವುದೂ ಇಲ್ಲ.

ಕೇಳಿದರೆ ಏನಾಗುತ್ತದೆ ಎಂಬುದು ನಮ್ಮ ಮಂಡಲದ ಚರ್ಚಾಕೂಟಗಳಿಗೆ ಬರುವವರಿಗೆ ಗೊತ್ತು. ಕೂಡಲೇ ಎರಡು ಪಕ್ಷ ಎದ್ದು ನಿಲ್ಲುತ್ತವೆ. ಒಂದು ಪಕ್ಷ, "ಅಂಕಿ ನಮ್ಮದು, ಸೊನ್ನೆ ನಮ್ಮದು, ಅರಬರು ನಡುವೆ ಮೂಟೆ ಹೊತ್ತ ಹಮಾಲರು ಅಷ್ಟೆ" ಎನ್ನುತ್ತದೆ. ಇನ್ನೊಂದು ಪಕ್ಷ, "ಆಗಿನ ಬಾಗ್ದಾದ್ ಅಂದರೆ ಭೂಲೋಕದ ಸ್ವರ್ಗ, ಎಲ್ಲ ಮತದವರೂ ಅಣ್ಣತಮ್ಮಂದಿರಂತೆ ಇದ್ದರು" ಎನ್ನುತ್ತದೆ. ಇಬ್ಬರೂ ಗಂಟಲು ಹರಿದುಕೊಳ್ಳುತ್ತಾರೆ, ಚಹಾ ಬರುತ್ತದೆ, ಸಭೆ ಮುಗಿಯುತ್ತದೆ. ನಾನು ಚರಿತ್ರೆಯ ವಿದ್ಯಾರ್ಥಿಯಲ್ಲ. ಲೆಕ್ಕ ಕಲಿಯುವವನು. ಲೆಕ್ಕ ಕಲಿಯುವವನಿಗೆ ಈ ಎರಡು ಪಕ್ಷಗಳಲ್ಲೂ ಒಂದೇ ಕೊರತೆ ಕಾಣುತ್ತದೆ: ಖಾತೆಯ ಒಂದು ಬದಿಯನ್ನು ಮಾತ್ರ ಇಬ್ಬರೂ ಓದುತ್ತಾರೆ. ಎರಡೂ ಬದಿ ಓದಿದರೆ ಏನು ಕಾಣುತ್ತದೆ ಎಂಬುದನ್ನು ನನ್ನ ಅಳತೆಗೆ ದಕ್ಕಿದಷ್ಟು ಇಲ್ಲಿ ಬರೆಯುತ್ತೇನೆ. ತಪ್ಪೆನಿಸಿದರೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಿರಿ, ಜಾಗ ಇದ್ದೇ ಇದೆ.

ಅಂಕಿಗಳ ದಾರಿಯನ್ನು ಹಿಂದಕ್ಕೆ ಹಿಡಿದು ಹೋಗೋಣ. ಪಾಚೊಲಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ, 1202ರಲ್ಲಿ, ಪೀಸಾ ನಗರದ ಲಿಯೊನಾರ್ಡೊ ಎಂಬವನು ವ್ಯಾಪಾರಿಗಳಿಗಾಗಿ ಒಂದು ಲೆಕ್ಕದ ಪುಸ್ತಕ ಬರೆದ. ಫಿಬೊನಾಚಿ ಎಂದು ನಾವು ಕೇಳಿರುವುದು ಇವನನ್ನೇ. ಇವನ ತಂದೆ ಈಗಿನ ಅಲ್ಜೀರಿಯದಲ್ಲಿರುವ ಬೂಜಿಯಾ ಬಂದರಿನಲ್ಲಿ ಪೀಸಾದ ವರ್ತಕರ ಪರವಾಗಿ ಸುಂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದ. ಮಗನನ್ನು ಅಲ್ಲಿಗೇ ಕರೆಸಿಕೊಂಡು ಲೆಕ್ಕ ಕಲಿಯಲು ಹಾಕಿದ. ಅಲ್ಲಿ ಹುಡುಗ ಕಲಿತದ್ದು ಹಿಂದೂಗಳ ಒಂಬತ್ತು ಅಂಕಿಗಳನ್ನು. ಹಾಗೆಂದು ಅವನೇ ಬರೆದಿದ್ದಾನೆ. ಜೊತೆಗೊಂದು ಸೊನ್ನೆ. ಸಂಸ್ಕೃತದ 'ಶೂನ್ಯ' ಅರಬ್ಬಿಯಲ್ಲಿ 'ಸಿಫ್ರ್' ಆಯಿತು. ಅರ್ಥ ಅದೇ, ಖಾಲಿ. ಸಿಫ್ರ್ ಯುರೋಪಿನ ಬಾಯಲ್ಲಿ ಹೊರಳಿ ಹೊರಳಿ ಕೊನೆಗೆ ನಾವು ಸ್ಕೂಲಿನಲ್ಲಿ ಕಲಿತ 'ಝೀರೊ' ಆಯಿತು.

ಯುರೋಪು ಇದನ್ನು ಆರತಿ ಎತ್ತಿ ಬರಮಾಡಿಕೊಂಡಿತೇ? ಇಲ್ಲ. 1299ರಲ್ಲಿ ಫ್ಲಾರೆನ್ಸಿನ ಸರಾಫರ ಸಂಘ, ಲೆಕ್ಕದ ಪುಸ್ತಕದಲ್ಲಿ ಈ ಹೊಸ ಅಂಕಿ ಬರೆಯಕೂಡದು, ಮೊತ್ತವನ್ನು ಅಕ್ಷರದಲ್ಲೇ ಬರೆಯಬೇಕು ಎಂದು ಕಟ್ಟಳೆ ಮಾಡಿತು. ಹೊರಗಿನಿಂದ ಬಂದದ್ದನ್ನು ಕಂಡರೆ ಅನುಮಾನ ಪಡುವ ಚಾಳಿ ಯಾವುದೋ ಒಂದು ದೇಶದ ಸ್ವತ್ತಲ್ಲ ಎನ್ನುವುದಕ್ಕೆ ಈ ಮಾತು.

ಬೂಜಿಯಾಕ್ಕೆ ಈ ಅಂಕಿ ಬಂದದ್ದು ಪೂರ್ವದಿಂದ. ಅಬ್ಬಾಸಿ ಖಲೀಫ ಅಲ್-ಮನ್ಸೂರ್ 762ರಲ್ಲಿ ಟೈಗ್ರಿಸ್ ನದಿಯ ದಂಡೆಯಲ್ಲಿ ಬಾಗ್ದಾದ್ ನಗರಕ್ಕೆ ಅಡಿಪಾಯ ಹಾಕಿದ. ಹತ್ತು ವರ್ಷ ಕಳೆಯುವ ಸುಮಾರಿಗೆ ನಮ್ಮ ಕಡೆಯ ಜ್ಯೋತಿಷ ಪಂಡಿತರು ಅವನ ಆಸ್ಥಾನಕ್ಕೆ ಹೋದರು. ಅವರು ಒಯ್ದ ಶಾಸ್ತ್ರ, 628ರಲ್ಲಿ ಭಿಲ್ಲಮಾಲದ ಬ್ರಹ್ಮಗುಪ್ತ ಬರೆದ ಬ್ರಹ್ಮಸ್ಫುಟಸಿದ್ಧಾಂತದ ಪರಂಪರೆಗೆ ಸೇರಿದ್ದು. ಅದನ್ನು ಅರಬ್ಬಿಗೆ ಇಳಿಸಿದರು. ಇಳಿಸಿ ಏನೆಂದು ಹೆಸರಿಟ್ಟರು? 'ಸಿಂದ್‌ಹಿಂದ್'. 'ಸಿದ್ಧಾಂತ' ಎಂಬ ಪದವೇ ಅರಬ್ಬಿ ನಾಲಿಗೆಯಲ್ಲಿ ಹಾಗಾಯಿತು, ಅದರೊಳಗೆ 'ಹಿಂದ್' ಎಂಬ ಹೆಸರೂ ಬಂದು ಕೂತಿತು. ಮುಂದೆ ಖಲೀಫ ಅಲ್-ಮಾಮೂನನ ಕಾಲದಲ್ಲಿ, ಎಂದರೆ 813ರಿಂದ 833ರ ನಡುವೆ, ಅಲ್-ಖ್ವಾರಿಜ್ಮಿ ಎಂಬ ಗಣಿತಜ್ಞ ಎರಡು ಕೆಲಸ ಮಾಡಿದ. ಒಂದು, ಹಿಂದೂ ಲೆಕ್ಕದ ಪುಸ್ತಕ. ಅದರ ಅರಬ್ಬಿ ಮೂಲ ಕಳೆದುಹೋಗಿದೆ, ಲ್ಯಾಟಿನ್ ರೂಪ ಉಳಿದಿದೆ. ಆ ಲ್ಯಾಟಿನ್ ಪುಸ್ತಕದಿಂದಲೇ ಅವನ ಹೆಸರು 'ಅಲ್ಗಾರಿದಮ್' ಎಂಬ ಪದವಾಗಿ ಉಳಿದುಕೊಂಡಿತು. ಇನ್ನೊಂದು, 'ಅಲ್-ಜಬ್ರ್' ಎಂಬ ಮಾತನ್ನು ಹೆಸರಿನಲ್ಲೇ ಹೊತ್ತ ಗ್ರಂಥ. ನಮ್ಮನ್ನು ಒಂಬತ್ತನೇ ಇಯತ್ತೆಯಲ್ಲಿ ಕಾಡಿದ ಆಲ್ಜಿಬ್ರಾ ಅದೇ. ಅದರ ದೊಡ್ಡ ಪಾಲು ಏನು ಗೊತ್ತೇ? ಆಸ್ತಿ ಪಾಲು, ಉಯಿಲು, ವ್ಯಾಪಾರದ ಲೆಕ್ಕ, ಜಮೀನಿನ ಅಳತೆ. ನಮ್ಮ ಕೋರ್ಸಿನವನೇ ಅಂತ ಇಟ್ಟುಕೊಳ್ಳಿ!

ಇನ್ನು ಹಮಾಲರ ಮಾತು. ಹಮಾಲ ಮೂಟೆಯನ್ನು ಬಿಚ್ಚಿ ನೋಡುವುದಿಲ್ಲ. ಇವರು ಬಿಚ್ಚಿದರು. 952ರ ಸುಮಾರಿಗೆ ಡಮಾಸ್ಕಸ್ಸಿನಲ್ಲಿ ಅಲ್-ಉಕ್ಲಿದಿಸಿ ಎಂಬವನು ಹಿಂದೂ ಲೆಕ್ಕದ ಮೇಲೆ ಒಂದು ಪುಸ್ತಕ ಬರೆದ. ಈ ವಿಷಯದ ಮೇಲೆ ಅರಬ್ಬಿಯಲ್ಲಿ ಉಳಿದಿರುವ ಪುಸ್ತಕಗಳಲ್ಲಿ ಅದೇ ಹಳೆಯದು. ಆಗೆಲ್ಲ ಲೆಕ್ಕ ಮಾಡುತ್ತಿದ್ದದ್ದು ಮಣೆಯ ಮೇಲೆ ಧೂಳು ಹರವಿ, ಬೆರಳಲ್ಲಿ ಬರೆದು, ಅಳಿಸಿ, ಮತ್ತೆ ಬರೆದು. ಅಳಿಸಿದ ಮೇಲೆ ತಪ್ಪು ಎಲ್ಲಾಯಿತು ಅಂತ ಹುಡುಕುವುದು ಹೇಗೆ? ಜೊತೆಗೆ ಬೀದಿಯಲ್ಲಿ ಕಣಿ ಹೇಳಿ ಹೊಟ್ಟೆ ಹೊರೆಯುವವರೂ ಅದೇ ಧೂಳುಮಣೆ ಹಿಡಿಯುತ್ತಿದ್ದರು. ಮರ್ಯಾದಸ್ಥರಿಗೆ ಅದು ನಾಚಿಕೆ. ಆದ್ದರಿಂದ ಇವನು ಅದೇ ಲೆಕ್ಕವನ್ನು ಕಾಗದದ ಮೇಲೆ ಶಾಯಿಯಲ್ಲಿ ಮಾಡುವ ಕ್ರಮ ಕಟ್ಟಿದ. ದಶಮಾಂಶ ಭಿನ್ನರಾಶಿಯನ್ನೂ ಬಳಸಿ ತೋರಿಸಿದ. ಆಡಿಟಿಂಗ್ ಓದುವವರಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ. ಅಳಿಸಿಹೋಗುವ ಲೆಕ್ಕಕ್ಕೂ ನಿಂತು ಪರೀಕ್ಷಿಸಬಹುದಾದ ಲೆಕ್ಕಕ್ಕೂ ಇರುವ ಅಂತರ ಅದು.

ಇಷ್ಟೆಲ್ಲ ಮಾಡಿಯೂ ಇದು ತಮ್ಮದೆಂದು ಹೇಳಿಕೊಂಡರೇ? ಇಲ್ಲ. ಪುಸ್ತಕದ ಹೆಸರಿನಲ್ಲೇ 'ಹಿಂದೂ ಲೆಕ್ಕ' ಎಂದು ಬರೆದರು. ಅರಬ್ ನಾಡುಗಳಲ್ಲಿ ಬಳಕೆಯಲ್ಲಿರುವ ಅಂಕಿಗಳಿಗೆ ಇಂದಿಗೂ 'ಹಿಂದಿ ಅಂಕಿ' ಎಂಬ ಹೆಸರಿದೆ. ಅರಬರು ನಮ್ಮ ಹೆಸರು ಹೇಳಿದರು, ಯುರೋಪಿನವರು ಅರಬರ ಹೆಸರು ಹೇಳಿದರು. ಸಾಲ ಮಾಡುವುದು ನಾಚಿಕೆಯಲ್ಲ, ಸಾಲವನ್ನು ಖಾತೆಗೆ ಬರೆಯದೆ ಇರುವುದು ನಾಚಿಕೆ. ಮಧ್ಯಯುಗದ ಇಸ್ಲಾಮಿ ಜಗತ್ತಿನ ಅತ್ಯುತ್ತಮ ವಿದ್ವಾಂಸರು ಸಾಲ ಮಾಡಿದರು, ಅದನ್ನು ಬರೆದಿಟ್ಟರು, ಬಡ್ಡಿ ಸೇರಿಸಿ ಮುಂದಿನವರಿಗೆ ಕೊಟ್ಟರು. ಅವರ ಸಹಿಷ್ಣುತೆ ಎಂದು ನಾವು ಕೊಂಡಾಡುವುದು ಏನಾದರೂ ಇದ್ದರೆ ಅದು ಇದೇ ಎಂಬುದು ನನ್ನ ವಾದ.

ಸಹಿಷ್ಣುತೆ ಅಂದರೆ ಪಕ್ಕದ ಮನೆಯವನನ್ನು ಸಹಿಸಿಕೊಂಡು ಸುಮ್ಮನಿರುವುದು ಎಂದು ನಾವು ತಿಳಿದಿದ್ದೇವೆ. ಅಷ್ಟಕ್ಕೆ ಏನೂ ಖರ್ಚಾಗುವುದಿಲ್ಲ. ಬಾಗ್ದಾದಿನಲ್ಲಿ ನಡೆದದ್ದಕ್ಕೆ ಖರ್ಚಿತ್ತು. ಮೂಸಾನ ಮಕ್ಕಳು ಎಂದೇ ಹೆಸರಾದ ಮೂವರು ಶ್ರೀಮಂತ ಸಹೋದರರು ಅನುವಾದಕರಿಗೆ ತಿಂಗಳಿಗೆ ಸುಮಾರು 500 ದಿನಾರು ತೆರುತ್ತಿದ್ದರಂತೆ. ಹೀಗೆಂದು ಬರೆದವನು ಇಬ್ನ್ ಅಲ್-ನದೀಮ್, ಬಾಗ್ದಾದಿನ ಪುಸ್ತಕ ವ್ಯಾಪಾರಿ. ಇವನು 987ರ ಸುಮಾರಿಗೆ, ಅರಬ್ಬಿಯಲ್ಲಿ ತನಗೆ ಗೊತ್ತಿದ್ದ ಪುಸ್ತಕಗಳನ್ನೆಲ್ಲ ಪಟ್ಟಿ ಮಾಡಿ 'ಫಿಹ್ರಿಸ್ತ್' ಎಂಬ ಗ್ರಂಥ ಬರೆದ. ಅದರಲ್ಲಿ ಗ್ರೀಕರದ್ದು, ಪಾರಸಿಕರದ್ದು, ಹಿಂದೂಗಳದ್ದು ಎಂದು ಒಂದೊಂದರ ಊರು-ಹೆಸರು ಬರೆದಿಟ್ಟಿದ್ದಾನೆ. ನಮ್ಮ ಸುಶ್ರುತಸಂಹಿತೆಯನ್ನು ಮಂಕ ಎಂಬ ಭಾರತೀಯ ವೈದ್ಯ ಬರ್ಮಕಿ ವಜೀರನಿಗಾಗಿ ವಿವರಿಸಿಕೊಟ್ಟದ್ದೂ ಅಲ್ಲಿ ಸಿಗುತ್ತದೆ. ಆ ಬರ್ಮಕಿ ವಜೀರರ ಮನೆತನವೋ, ಬಲ್ಖ್ ನಗರದ ಬೌದ್ಧ ವಿಹಾರವನ್ನು ನೋಡಿಕೊಳ್ಳುತ್ತಿದ್ದ ಮನೆತನ.

ಮೂಸಾನ ಮಕ್ಕಳ ದಿನಾರು ಪಡೆದವರು ಯಾರು ನೋಡಿ. ಹುನೈನ್ ಇಬ್ನ್ ಇಸ್ಹಾಕ್, ಹುಟ್ಟಿನಿಂದ ನೆಸ್ಟೋರಿಯನ್ ಕ್ರೈಸ್ತ. ಸಾಬಿತ್ ಇಬ್ನ್ ಕುರ್ರಾ, ಹರ್ರಾನಿನ ನಕ್ಷತ್ರಪೂಜಕರ ಮತದವನು. ಅಲ್ಲಿನ ಪೇಟೆಯಲ್ಲಿ ಸರಾಫನಾಗಿ ನಾಣ್ಯ ಎಣಿಸುತ್ತಿದ್ದವನು ಎನ್ನುತ್ತಾರೆ. ಇಂಥವರನ್ನು ಕರೆತಂದು ಮುಂದೆ ಕೂರಿಸಿಕೊಂಡವರು ಮುಸಲ್ಮಾನ ಧನಿಕರು. ಮತ ಬಿಟ್ಟು ಬಾ ಆಮೇಲೆ ಕೆಲಸ ಕೊಡುತ್ತೇನೆ ಎನ್ನಲಿಲ್ಲ. ಹುನೈನ್ ಸಾಯುವವರೆಗೆ ಕ್ರೈಸ್ತನಾಗಿಯೇ ಇದ್ದ, ಸಾಬಿತ್ ತನ್ನ ಮತದಲ್ಲೇ ಇದ್ದ.

ಹುನೈನನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಖಾತೆಯ ಒಳ್ಳೆಯ ಗುಮಾಸ್ತ ಅವನೇ. ಗ್ಯಾಲನ್ ಎಂಬ ಗ್ರೀಕ್ ವೈದ್ಯನ ಪುಸ್ತಕಗಳನ್ನು ಅವನೂ ಅವನ ಮಗನೂ ಸೋದರಳಿಯನೂ ಸೇರಿ ಸಿರಿಯಾಕ್ ಭಾಷೆಗೂ ಅರಬ್ಬಿಗೂ ತಂದರು. ಆಮೇಲೆ ಅವನು ಒಂದು ಪತ್ರ ಬರೆದ. ಗ್ಯಾಲನ್ನನ 129 ಕೃತಿಗಳನ್ನು ಒಂದೊಂದಾಗಿ ಹೆಸರಿಸಿ, ಇದನ್ನು ಮೊದಲು ಯಾರು ಅನುವಾದಿಸಿದ್ದರು, ಅದು ಸರಿಯಿತ್ತೇ, ತಾನು ಯಾರಿಗಾಗಿ ಮತ್ತೆ ಮಾಡಿದೆ, ಯಾವುದಕ್ಕೆ ಒಳ್ಳೆಯ ಪ್ರತಿ ಸಿಗಲಿಲ್ಲ ಎಂದೆಲ್ಲ ವಿವರ ಕೊಟ್ಟ. ತರ್ಕದ ಮೇಲಿನ ಒಂದು ಪುಸ್ತಕಕ್ಕಾಗಿ ಇರಾಕಿನ ಉತ್ತರ ಭಾಗ, ಸಿರಿಯಾ, ಪ್ಯಾಲಸ್ತೀನ್, ಈಜಿಪ್ಟ್ ಎಲ್ಲ ಅಲೆದು ಅಲೆಕ್ಸಾಂಡ್ರಿಯದವರೆಗೆ ಹೋಗಿ ಬಂದನಂತೆ. ಕೊನೆಗೆ ಡಮಾಸ್ಕಸ್ಸಿನಲ್ಲಿ ಸುಮಾರು ಅರ್ಧ ಮಾತ್ರ ಸಿಕ್ಕಿತು. ಅರ್ಧ ಸಿಕ್ಕಿತು ಎಂದೇ ಬರೆದ. ಉಳಿದರ್ಧವನ್ನು ತಾನೇ ಕಟ್ಟಿ ಸೇರಿಸಿಬಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಒಂದು ಪುಸ್ತಕಕ್ಕೆ ಹಲವು ಪ್ರತಿ ಸಂಪಾದಿಸಿ, ಸಾಲು ಸಾಲು ತಾಳೆ ನೋಡಿ, ಸರಿಯಾದ ಪಾಠ ನಿರ್ಧರಿಸಿ ಆಮೇಲೆ ಅನುವಾದಿಸುವುದು ಅವನ ಪದ್ಧತಿ. ನಾವು ವೋಚರಿಗೆ ವೋಚರ್ ತಾಳೆ ನೋಡುವ ಹಾಗೆ.

ಅರಬ್ಬಿ ಆವರೆಗೆ ಕಾವ್ಯಕ್ಕೆ ಹೆಸರಾದ ಭಾಷೆ, ಕುರ್‌ಆನಿನ ಭಾಷೆ. ಅದರಲ್ಲಿ ನರಕ್ಕೆ, ನಾಡಿಗೆ, ಕಣ್ಣಿನ ಪದರಕ್ಕೆ ಗ್ರೀಕ್ ವೈದ್ಯರ ಅರ್ಥದಲ್ಲಿ ಪದ ಇರಲಿಲ್ಲ. ಪದ ಇಲ್ಲವೆಂದು ಯಾರೂ ಕೈಕಟ್ಟಿ ಕೂರಲಿಲ್ಲ. ಸಿಕ್ಕಲ್ಲಿಂದ ತಂದರು, ಇದ್ದುದನ್ನು ಹಿಗ್ಗಿಸಿದರು, ಹೊಸದನ್ನು ಕಟ್ಟಿದರು. ಅದೇ ಕಾಲದ ಅರಬ್ ದಾರ್ಶನಿಕ ಅಲ್-ಕಿಂದಿ, ಸತ್ಯ ಎಲ್ಲಿಂದ ಬಂದರೂ, ದೂರದ ಪರಕೀಯರಿಂದ ಬಂದರೂ, ಅದನ್ನು ಒಪ್ಪಲು ನಾಚಬಾರದು ಎಂಬರ್ಥದ ಮಾತು ಬರೆದಿದ್ದಾನೆ. ನಮ್ಮ ಅಂಕಿಗಳ ವಿಷಯದಲ್ಲಿ ಇದೇ ಮಾತಿನ ಧಾಟಿ 662ರಲ್ಲೇ ಸಿಗುತ್ತದೆ. ಸೆವೆರಸ್ ಸೆಬೊಖ್ತ್ ಎಂಬ ಸಿರಿಯಾದ ಬಿಷಪ್, ಗ್ರೀಕ್ ಮಾತಾಡುವುದರಿಂದಲೇ ತಾವು ಜ್ಞಾನದ ತುದಿ ಮುಟ್ಟಿದ್ದೇವೆ ಎಂದುಕೊಂಡವರಿಗೆ, ಹಿಂದೂಗಳ ಒಂಬತ್ತು ಚಿಹ್ನೆಗಳ ಲೆಕ್ಕವನ್ನು ಒಮ್ಮೆ ನೋಡಿ ಎಂದು ಚುಚ್ಚಿದ. ಅವನು ಕ್ರೈಸ್ತ, ಆಳುತ್ತಿದ್ದವರು ಮುಸಲ್ಮಾನರು, ಹೊಗಳಿದ್ದು ಹಿಂದೂಗಳನ್ನು.

ಇದೇ ಕಾಲದಲ್ಲಿ ನಮ್ಮಲ್ಲಿ ಏನಾಗುತ್ತಿತ್ತು ಅಂತ ಕೇಳುವವರಿಗೆ ಸಂತೋಷದ ಸುದ್ದಿ. ಬಾಗ್ದಾದಿನಲ್ಲಿ ಹುನೈನ್ ಕೂತು ಬರೆಯುತ್ತಿದ್ದಾಗ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. 850ರ ಆಸುಪಾಸಿನಲ್ಲಿ ಅವನ ಆಶ್ರಯದಲ್ಲಿ ಕವಿರಾಜಮಾರ್ಗ ಬಂತು, ಮಹಾವೀರಾಚಾರ್ಯನ ಗಣಿತಸಾರಸಂಗ್ರಹ ಬಂತು. ಪರರ ವಿಚಾರ, ಪರರ ಧರ್ಮಗಳನ್ನು ತಾಳಿಕೊಳ್ಳುವ ಶಕ್ತಿಯೇ ನಿಜವಾದ ಐಶ್ವರ್ಯ ಎಂಬ ಭಾವ ಕವಿರಾಜಮಾರ್ಗದಲ್ಲಿರುವುದು ನಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇದು: 851ರ ಒಂದು ಅರಬ್ಬಿ ಗ್ರಂಥ, ವರ್ತಕರ ಬಾಯಿಂದ ಕೇಳಿ ಬರೆದದ್ದು, ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಬಾಗ್ದಾದಿನವನು, ಚೀನದವನು, ರೂಮಿನವನು ಆದಮೇಲೆ ನಾಲ್ಕನೆಯವನಾಗಿ 'ಬಲ್ಹರಾ'ನನ್ನು ಹೆಸರಿಸುತ್ತದೆ. ಬಲ್ಹರಾ ಅಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ದೊರೆ. ಅವನಿಗೂ ಅವನ ಜನಕ್ಕೂ ಅರಬರ ಮೇಲೆ ಪ್ರೀತಿ ಎಂದೂ ಬರೆದಿದೆ. ಪ್ರೀತಿಯ ಹಿಂದೆ ಕುದುರೆ ವ್ಯಾಪಾರ, ಬಂದರಿನ ಸುಂಕ ಎಲ್ಲ ಇದ್ದಿರಬಹುದು. ಇರಲಿ. ಲಾಭಕ್ಕಾಗಿಯಾದರೂ ಸರಿ, ಪರರ ದೇವರಿಗೆ ಜಾಗ ಕೊಟ್ಟ ಅರಸನನ್ನು ದೂರದ ವರ್ತಕರು ತಮ್ಮ ಪುಸ್ತಕದಲ್ಲಿ ಬರೆದಿಟ್ಟರು.

ವ್ಯಾಪಾರದ ಮಾತು ಬಂದದ್ದರಿಂದ ನಮ್ಮ ಮಂಗಳೂರಿನ ಒಂದು ಖಾತೆಯನ್ನೂ ನೋಡಿಬಿಡೋಣ. ಹನ್ನೆರಡನೇ ಶತಮಾನದಲ್ಲಿ, 1132ರಿಂದ 1149ರವರೆಗಿನ ಹೆಚ್ಚಿನ ಕಾಲ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ನಮ್ಮ ಕರಾವಳಿಯಲ್ಲಿ ಮನೆ ಮಾಡಿಕೊಂಡಿದ್ದ. ಹುಟ್ಟೂರು ಟ್ಯುನೀಸಿಯಾದ ಮಹದಿಯಾ. ಏಡನ್ನಿನಲ್ಲಿದ್ದ ಪಾಲುಗಾರರಿಗೆ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ತರಿಸಿಕೊಳ್ಳುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು. ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಕೈರೋದ ಹಳೆಯ ಭಾಗವಾದ ಫುಸ್ತಾತಿನಲ್ಲಿ ಒಂದು ಯಹೂದಿ ಪ್ರಾರ್ಥನಾಮಂದಿರದ ಕೋಣೆಯೊಳಗೆ ಅವು ನೂರಾರು ವರ್ಷ ಬಿದ್ದಿದ್ದು, ಹತ್ತೊಂಬತ್ತನೇ ಶತಮಾನದ ಕೊನೆಗೆ ವಿದ್ವಾಂಸರ ಕೈಸೇರಿದವು. ಅವನ ವ್ಯವಹಾರದ ಬಳಗದಲ್ಲಿ ಯಹೂದಿಗಳಿದ್ದರು, ಮುಸಲ್ಮಾನ ಹಡಗುಗಾರರಿದ್ದರು, ಗುಜರಾತಿನ ವಣಿಕರಿದ್ದರು, ಊರಿನವರಿದ್ದರು. ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಆಳಿನ ಹೆಸರನ್ನು 'ಬೊಮ್ಮ' ಎಂದು ಅಮಿತಾವ್ ಘೋಷ್ ಓದಿದ್ದಾರೆ. 1992ರಲ್ಲಿ ಅವರು ಬರೆದ ಪುಸ್ತಕದಲ್ಲಿ ಈ ಕಥೆ ಇದೆ, ಸಿಕ್ಕಿದರೆ ಓದಿ. ಸಮುದ್ರದ ಆಚೆ ಸಾವಿರಾರು ಮೈಲಿ ದೂರದ ಅನ್ಯಮತೀಯನಿಗೆ ಸರಕು ಉದ್ರಿ ಕೊಡಬೇಕಾದರೆ ನಂಬಿಕೆ ಎಷ್ಟಿರಬೇಕು, ಯೋಚಿಸಿ.

ಇಲ್ಲಿಗೆ ನಿಲ್ಲಿಸಿದರೆ ಎರಡನೇ ಪಕ್ಷದವರು ಚಪ್ಪಾಳೆ ತಟ್ಟುತ್ತಾರೆ. ಆದರೆ ಖಾತೆಗೆ ಇನ್ನೊಂದು ಬದಿ ಇದೆ.

ಬೆನ್ ಯಿಜುವಿನ ಕಾಗದಗಳಲ್ಲೇ ಒಂದು, 1132ರ ಅಕ್ಟೋಬರಿನಲ್ಲಿ ಅವನು ಮಂಗಳೂರಿನಲ್ಲಿ ಅಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ. ಬಿಡುಗಡೆ ಮಾಡಬೇಕಾದರೆ ಮೊದಲು ದಾಸ್ಯ ಇರಬೇಕಲ್ಲ! ಬೊಮ್ಮನೂ ದಾಸನೇ. ಬಾಗ್ದಾದಿನ ವೈಭವದ ಅಡಿಯಲ್ಲೂ ಇದೇ ಇತ್ತು. ಬಸ್ರಾದ ಬಳಿಯ ಜೌಗು ನೆಲದಲ್ಲಿ ಉಪ್ಪು ಮಣ್ಣು ಕೆತ್ತಲು ಹಾಕಿದ್ದ ಆಫ್ರಿಕಾದ ಗುಲಾಮರು 869ರಲ್ಲಿ ದಂಗೆ ಎದ್ದರು. ಅದನ್ನು ಅಡಗಿಸಲು 883ರವರೆಗೆ ಹಿಡಿಯಿತು. ಗ್ಯಾಲನ್ನನ ಅನುವಾದ ಓದಿದ ಊರಿನ ಗದ್ದೆಗಳಲ್ಲಿ ಇವರ ಬೆವರಿತ್ತು.

ಕ್ರೈಸ್ತರೂ ಯಹೂದಿಗಳೂ ತಲೆಗಂದಾಯ ತೆರಬೇಕಿತ್ತು, ಅದು ಜಿಝಿಯಾ. ತಮ್ಮ ಮತದಲ್ಲಿ ಇರಬಹುದಾಗಿತ್ತು, ಸಮಾನರಾಗಿ ಅಲ್ಲ. 850ರ ಸುಮಾರಿಗೆ ಖಲೀಫ ಅಲ್-ಮುತವಕ್ಕಿಲ್, ಅವರು ಜೇನಿನ ಬಣ್ಣದ ಬಟ್ಟೆ ತೊಟ್ಟು ಬೇರೆಯಾಗಿ ಗುರುತಿಸಿಕೊಳ್ಳಬೇಕು ಎಂದು ಆಜ್ಞೆ ಹೊರಡಿಸಿದ. ಅವನಿಗೆ ಕಾಯಿಲೆಯಾದರೆ ನಾಡಿ ನೋಡುತ್ತಿದ್ದ ವೈದ್ಯ ಯಾರು? ಅದೇ ಕ್ರೈಸ್ತ ಹುನೈನ್. ಇನ್ನು ಅನುವಾದಕರ ಆಶ್ರಯದಾತನೆಂದು ಹೆಸರಾದ ಅಲ್-ಮಾಮೂನ್, ಗ್ರೀಕರ ವಿಚಾರಕ್ಕೆ ಬಾಗಿಲು ತೆರೆದ ಅದೇ ಕೈಯಿಂದ 833ರಲ್ಲಿ ತನ್ನ ಮತದ ಪಂಡಿತರ ಮೇಲೆಯೇ ವಿಚಾರಣೆ ಹೂಡಿದ. ಕುರ್‌ಆನ್ ಸೃಷ್ಟಿಯಾದದ್ದು ಎಂದು ಒಪ್ಪಿಕೊಳ್ಳಬೇಕು, ಇಲ್ಲವಾದರೆ ಶಿಕ್ಷೆ. ಒಪ್ಪದ ಅಹ್ಮದ್ ಇಬ್ನ್ ಹನ್ಬಲರು ಸೆರೆಗೆ ಹೋದರು. ಮುಂದಿನ ಖಲೀಫನ ಕಾಲದಲ್ಲಿ ಛಡಿಯೇಟು ತಿಂದರು. ದೂರದವನ ವಿಚಾರ ಸೈರಿಸುವುದು ಸುಲಭ, ಮನೆಯವನ ಭಿನ್ನಮತ ಸೈರಿಸುವುದು ಕಷ್ಟ. ನಮ್ಮ ಮಂಡಲದ ಚುನಾವಣೆ ನೋಡಿದವರಿಗೆ ಇದು ಗೊತ್ತಿರುವ ಸಂಗತಿಯೇ!

1148ರಲ್ಲಿ ಸ್ಪೇನಿನ ಕಾರ್ಡೋಬಾ ಅಲ್ಮೊಹದ್ ದೊರೆಗಳ ಕೈಗೆ ಬಿತ್ತು. ಮತಾಂತರ ಇಲ್ಲವೇ ದೇಶಾಂತರ ಎಂಬ ಗತಿ ಯಹೂದಿಗಳಿಗೆ ಬಂತು. ಆಗ ಹುಡುಗನಾಗಿದ್ದ ಮೈಮೊನಿಡಿಸ್ ಮನೆಯವರ ಜೊತೆ ಊರು ಬಿಟ್ಟು ಅಲೆದ. ಕೊನೆಗೆ ನೆಲೆ ಸಿಕ್ಕಿದ್ದು ಎಲ್ಲಿ? ಫುಸ್ತಾತಿನಲ್ಲಿ, ಮುಸಲ್ಮಾನ ದೊರೆ ಸಲಾಹುದ್ದೀನನ ಆಸ್ಥಾನದ ವೈದ್ಯನಾಗಿ. ತನ್ನ ದೊಡ್ಡ ದರ್ಶನ ಗ್ರಂಥವನ್ನು ಅವನು ಬರೆದದ್ದು ಅರಬ್ಬಿ ಭಾಷೆಯಲ್ಲೇ. ಓಡಿಸಿದ್ದೂ ಅದೇ ಧರ್ಮದ ಹೆಸರಿನ ರಾಜ್ಯ, ಆಸರೆ ಕೊಟ್ಟದ್ದೂ ಅದೇ. ಹಾಗಾದ ಮೇಲೆ 'ಅವರು ಹಾಗೆ' 'ಇವರು ಹೀಗೆ' ಎಂಬ ಒಂದು ವಾಕ್ಯದ ತೀರ್ಪಿಗೆ ಏನು ಬೆಲೆ?

"ಘಜನಿಯ ಮಹಮೂದನನ್ನು ಯಾವ ಕಾಲಮ್ಮಿನಲ್ಲಿ ಬರೀತೀಯಪ್ಪ?" ಎಂದು ಗೆಳೆಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವನ್ನು ಮಹಮೂದನ ಕಾಲದ ವಿದ್ವಾಂಸನೇ ಬರೆದಿಟ್ಟಿದ್ದಾನೆ. ಅಲ್-ಬಿರೂನಿ ಖ್ವಾರಿಜ್ಮ್ ನಾಡಿನವನು. 1017ರಲ್ಲಿ ಮಹಮೂದ ಆ ನಾಡನ್ನು ಗೆದ್ದಾಗ ಇವನನ್ನೂ ಘಜನಿಗೆ ಒಯ್ದ. ಮಹಮೂದನ ದಾಳಿಗಳು ಈ ದೇಶದ ಸಮೃದ್ಧಿಯನ್ನು ಹಾಳುಮಾಡಿದವು, ಮುಸಲ್ಮಾನರೆಂದರೆ ಹಿಂದೂಗಳಿಗೆ ದ್ವೇಷ ಹುಟ್ಟುವಂತೆ ಮಾಡಿದವು ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. 1030ರ ಸುಮಾರಿಗೆ ಮುಗಿಸಿದ ಭಾರತದ ಮೇಲಿನ ಗ್ರಂಥದಲ್ಲೇ ಈ ಮಾತಿದೆ. ಸಂಸ್ಕೃತ ಕಲಿತ; ಪತಂಜಲಿಯ ಯೋಗವನ್ನೂ ಸಾಂಖ್ಯವನ್ನೂ ಅರಬ್ಬಿಗೆ ತಂದ. ಹಿಂದೂಗಳ ನಂಬಿಕೆಯನ್ನು ಅವರು ಹೇಳುವ ಹಾಗೆಯೇ ಹೇಳುತ್ತೇನೆ, ಖಂಡನೆಗೆ ಕೂತಿಲ್ಲ ಎಂದ. ತಮಗಿಂತ ಬಲ್ಲವರಿಲ್ಲ ಎಂಬ ಜಂಭ ಇಲ್ಲಿನ ಪಂಡಿತರಿಗಿದೆ, ಇವರ ಪೂರ್ವಿಕರು ಹಾಗಿರಲಿಲ್ಲ, ಗ್ರೀಕರು ಮ್ಲೇಚ್ಛರಾದರೂ ಅವರ ಶಾಸ್ತ್ರಜ್ಞಾನಕ್ಕೆ ಗೌರವ ಸಲ್ಲಬೇಕೆಂದು ವರಾಹಮಿಹಿರನೇ ಹೇಳಿದ್ದ ಎಂದು ನಮ್ಮ ಕಿವಿಯನ್ನೂ ಹಿಂಡಿದ. ಅಲ್ಲಿಗೂ ನಿಲ್ಲದೆ ಯೂಕ್ಲಿಡನ ರೇಖಾಗಣಿತವನ್ನು ಸಂಸ್ಕೃತ ಶ್ಲೋಕಕ್ಕೆ ತಿರುಗಿಸುವ ಕೆಲಸಕ್ಕೆ ಕೈಹಾಕಿದ. ದೊರೆ ಕೊಳ್ಳೆ ಹೊಡೆದು ಒಯ್ದ. ವಿದ್ವಾಂಸ ಸಾಲ ಪಡೆದು ತೀರಿಸಲು ನೋಡಿದ. ಇಬ್ಬರನ್ನೂ ಒಂದೇ ಹೆಸರಿನಲ್ಲಿ ಬರೆಯುವ ಗುಮಾಸ್ತನಿಗೆ ಯಾವ ಪೇಟೆಯಲ್ಲೂ ಕೆಲಸ ಸಿಗಲಾರದು.

ಇದರಿಂದ ನಮಗೇನು? ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈ ಶಹರದ ಕಾಲೇಜಿಗೆ ಬಂದ ನನ್ನಂಥವರಿಗೆ ಮೊದಲ ವರ್ಷವೇ ಒಂದು ಮಾತು ಕೇಳಿಸುತ್ತದೆ. ಕನ್ನಡ ಕಥೆ-ಕವಿತೆಗೆ ಸರಿ, ಕಾಮರ್ಸಿಗೆ, ಸೈನ್ಸಿಗೆ ಅದರಲ್ಲಿ ಪದ ಎಲ್ಲಿದೆ? ಮಾಸ್ತರರೂ ಹೇಳುತ್ತಾರೆ, ಮೊದಲ ಬೆಂಚಿನ ಗೆಳೆಯರೂ ಹೇಳುತ್ತಾರೆ, ಕ್ರಮೇಣ ನಾವೂ ಹೇಳಲು ಶುರುಮಾಡುತ್ತೇವೆ. ಅರಬ್ಬಿಗೆ ಇದೇ ಮಾತನ್ನು ಹೇಳಬಹುದಾಗಿದ್ದ ಕಾಲ ಒಂದಿತ್ತು. ಹುನೈನನಂಥವರು ದುಡಿದರು, ದುಡ್ಡಿದ್ದವರು ದುಡ್ಡು ಕೊಟ್ಟರು, ಎರಡು ಮೂರು ತಲೆಮ್ಮಾರಿನೊಳಗೆ ಅದು ಲೋಕದ ಶಾಸ್ತ್ರಭಾಷೆಯಾಯಿತು. ಭಾಷೆ ಹುಟ್ಟುತ್ತಲೇ ಬಡವಾಗಿಯೋ ಶ್ರೀಮಂತವಾಗಿಯೋ ಇರುವುದಿಲ್ಲ. ಅದರಲ್ಲಿ ಎಷ್ಟು ಬಂಡವಾಳ ಹೂಡುತ್ತೀರಿ ಎಂಬುದರ ಮೇಲೆ ಅದರ ಬ್ಯಾಲೆನ್ಸ್ ಶೀಟು.

ಕನ್ನಡದ ಕಿರಾಣಿ ಅಂಗಡಿಯ ಲೆಕ್ಕಕ್ಕೇನು ಪದ ಇಲ್ಲವೇ? ಜಮಾ, ಖರ್ಚು, ಬಾಕಿ, ಅಸಲು, ವಸೂಲಿ, ರಕಮು, ತಾರೀಖು, ದಲಾಲಿ. ಒಂದೊಂದೂ ಅರಬ್ಬಿ ಬೇರಿನದು. 'ರಕಮ್' ಅಂದರೆ ಅರಬ್ಬಿಯಲ್ಲಿ ಅಂಕಿ. ನಾವು ಕೊಟ್ಟ ಅಂಕಿ ಹೀಗೆ ರಕಮಾಗಿ ಮನೆಗೆ ಮರಳಿ ಬಂತು. 'ಹಮಾಲ' ಕೂಡ ಅರಬ್ಬಿಯೇ! 'ಅರಬರು ಹಮಾಲರು' ಎಂದು ಬಯ್ಯುವವನು ಬಯ್ಯಲಿಕ್ಕೂ ಅವರಿಂದಲೇ ಪದ ಸಾಲ ತಂದಿದ್ದಾನೆ. 'ನಕಲು' ಎಂಬುದೂ ಅಲ್ಲಿಂದಲೇ ಬಂದದ್ದು. ಅಲ್ಲಿ 'ನಕ್ಲ್' ಅಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು, ಅನುವಾದಿಸುವುದು ಎಂಬ ಗೌರವದ ಅರ್ಥವೂ ಉಂಟು. ನಮ್ಮಲ್ಲಿ ಅದು ಪರೀಕ್ಷೆಯ ಹಾಲಿನಲ್ಲಿ ಹಿಡಿದುಹಾಕುವ ಅಪರಾಧವಾಗಿ ಕೂತಿದೆ.

ಕಥೆಯ ವಿಷಯದಲ್ಲೂ ಇದೇ. ನಮ್ಮ ಪಂಚತಂತ್ರದ ನರಿಗಳಾದ ಕರಟಕ-ದಮನಕರು ಮೊದಲು ಪಹ್ಲವಿ ಭಾಷೆಗೆ ಹೋಗಿ, ಎಂಟನೇ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾನ ಕೈಯಲ್ಲಿ ಅರಬ್ಬಿಯ 'ಕಲೀಲಾ-ದಿಮ್ನಾ' ಆದರು. 1031ರ ಸುಮಾರಿಗೆ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಕೂತು ಅದೇ ಕಥೆಗಳನ್ನು ಕನ್ನಡಕ್ಕೆ ತಂದ. ಕನ್ನಡದ ನರಿಗೂ ಬಾಗ್ದಾದಿನ ನರಿಗೂ ದಾಯಾದಿ ಸಂಬಂಧ. ಕಥೆ ತಂದದ್ದರಿಂದ ಕನ್ನಡವೂ ಸಣ್ಣದಾಗಲಿಲ್ಲ, ಅರಬ್ಬಿಯೂ ಸಣ್ಣದಾಗಲಿಲ್ಲ.

ಆದ್ದರಿಂದ ಮಂಡಲದ ಮುಂದೆ ನನ್ನದೊಂದು ಸೂಚನೆ. ಸೊನ್ನೆ ಯಾರದು ಎಂಬ ಚರ್ಚೆಯನ್ನು ಈ ವರ್ಷಕ್ಕೆ ಮುಗಿಸೋಣ. ಅದರ ಬದಲು ಪ್ರತಿ ಸಂಚಿಕೆಯಲ್ಲಿ ಎರಡು ಪುಟ ಅನುವಾದಕ್ಕೆ ಮೀಸಲಿಡೋಣ. ಒಂದರಲ್ಲಿ ನಮ್ಮ ಪಠ್ಯದ ಒಂದು ಪಾಠ: ಬ್ಯಾಂಕಿಂಗಿನದೋ, ಅರ್ಥಶಾಸ್ತ್ರದ್ದೋ, ಸೈನ್ಸಿನವರು ಬರೆದರೆ ರಸಾಯನಶಾಸ್ತ್ರದ್ದೋ. ಇನ್ನೊಂದರಲ್ಲಿ ಈ ಊರಿನಲ್ಲಿ ನಮ್ಮ ಸುತ್ತ ಬದುಕುವ ಭಾಷೆಗಳದು: ಮರಾಠಿಯ ಒಂದು ಕಥೆ, ಗುಜರಾತಿಯ ಒಂದು ಪ್ರಬಂಧ, ಉರ್ದುವಿನ ಒಂದು ಕವಿತೆ. ಉರ್ದು ಓದಬಲ್ಲವರು ನಮ್ಮಲ್ಲಿ ಯಾರಿದ್ದಾರೆ? ಒಂದೇ ಲೋಕಲ್ಲಿನಲ್ಲಿ, ಒಂದೇ ಬೆಂಚಿನಲ್ಲಿ ಮೂರು ವರ್ಷ ಕೂತ ಗೆಳೆಯನ ಲಿಪಿಯ ಒಂದಕ್ಷರ ನಮಗೆ ಬರುವುದಿಲ್ಲ. ಅವನಿಗೆ ನಮ್ಮದು ಬರುವುದಿಲ್ಲ. ಇದಕ್ಕೆ ಸಹಿಷ್ಣುತೆ ಎಂದು ಹೆಸರಿಡಲು ನನಗೆ ಮನಸ್ಸಿಲ್ಲ. ಇದು ಬರೀ ಅಕ್ಕಪಕ್ಕ ಕೂತಿರುವುದು.

ಅನುವಾದಿಸುವವನಿಗೆ ಎರಡೂ ಭಾಷೆ ಬರಬೇಕು, ವಿಷಯವೂ ಬರಬೇಕು ಎಂದು ಬಸ್ರಾದ ಅಲ್-ಜಾಹಿಝ್ ಒಂಬತ್ತನೇ ಶತಮಾನದಲ್ಲೇ ಅನುವಾದಕರನ್ನು ತರಾಟೆಗೆ ತೆಗೆದುಕೊಂಡಿದ್ದ. ಅಷ್ಟೊಂದು ಯೋಗ್ಯತೆ ನಮ್ಮಲ್ಲಿ ಯಾರಿಗೂ ಇರಲಿಕ್ಕಿಲ್ಲ. ಇಬ್ಬರು ಸೇರಿ ಮಾಡೋಣ. ಉರ್ದು ಬಲ್ಲ ಗೆಳೆಯ ಓದಿ ಹೇಳಲಿ, ಕನ್ನಡ ಬಲ್ಲವನು ಬರೆಯಲಿ. ಹುನೈನನೂ ಮನೆಮಂದಿಯನ್ನೆಲ್ಲ ಸೇರಿಸಿಕೊಂಡೇ ಮಾಡಿದ್ದು.

ಒಂದೇ ಒಂದು ಷರತ್ತು. ಅನುವಾದದ ಮೇಲುಗಡೆ ಮೂಲ ಲೇಖಕರ ಹೆಸರು, ಮೂಲ ಭಾಷೆಯ ಹೆಸರು, ಓದಿ ಅರ್ಥ ಹೇಳಿದ ಗೆಳೆಯನ ಹೆಸರು ಎದ್ದು ಕಾಣುವ ಅಕ್ಷರದಲ್ಲಿ ಇರಬೇಕು. ಅನುವಾದಕನ ಹೆಸರು ಕೆಳಗೆ ಸಣ್ಣದಾಗಿ ಇದ್ದರೂ ಸಾಕು. ಮೊದಲ ಪಾಠಕ್ಕೆ ನಾನು ಸಿದ್ಧ: ಪಾಚೊಲಿಯ ಡಬಲ್ ಎಂಟ್ರಿ, ಕನ್ನಡದಲ್ಲಿ, ಅಂಕಿಗಳು ಬಂದ ದಾರಿಯ ಸಮೇತ. ಉರ್ದು ಪುಟಕ್ಕೆ ಯಾರು ಕೈ ಎತ್ತುತ್ತೀರಿ? ಬರುವ ಸಭೆಯಲ್ಲಿ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಿ.